ಬಿಕಾಸ್, ಸಿನ್ಸ್, ಸೋ, ದೇರ್‌ಫೋರ್: ಇಂಗ್ಲಿಷ್‌ನಲ್ಲಿ ಕಾರಣ ಹೇಳುವಾಗ ಯಾವ ಪದ ಎಲ್ಲಿ?

ಕನ್ನಡದಲ್ಲಿ ಕಾರಣ ಹೇಳುವುದು ಸಲೀಸು. 'ಮಳೆಯಿಂದ ಆಟ ನಿಂತಿತು' ಅನ್ನಬಹುದು. 'ಮಳೆ ಬಂದಿದ್ದರಿಂದ ಆಟ ನಿಂತಿತು' ಅಂತಲೂ ಅನ್ನಬಹುದು. ಎರಡರಲ್ಲೂ ಕೆಲಸ ಮಾಡುತ್ತಿರುವುದು ಅದೇ 'ಇಂದ'. 'ಮಳೆ' ಅನ್ನುವ ಒಂಟಿ ಪದಕ್ಕೂ ಅದು ಸೇರುತ್ತದೆ, 'ಮಳೆ ಬಂದದ್ದು' ಅನ್ನುವ ಇಡೀ ಸಂಗತಿಗೂ ಸೇರುತ್ತದೆ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ಒಂಟಿ ಪದಕ್ಕೆ ಒಂದು, ಇಡೀ ಸಂಗತಿಗೆ ಇನ್ನೊಂದು. ಕಾರಣ ಓದುವವರಿಗೆ ಹೊಸದಾಗಿದ್ದರೆ ಒಂದು, ಮೊದಲೇ ಗೊತ್ತಿದ್ದರೆ ಇನ್ನೊಂದು.

ನಾವು ಎಡವುವುದು ಇಲ್ಲೇ. ಡಿಕ್ಷನರಿ ನೋಡಿದರೆ 'ಬಿಕಾಸ್', 'ಸಿನ್ಸ್', 'ಆ್ಯಸ್' ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಸಿಗುತ್ತದೆ. 'ಸೋ', 'ದೇರ್‌ಫೋರ್', 'ಹೆನ್ಸ್' ಕತೆಯೂ ಅಷ್ಟೇ. ಅರ್ಥವನ್ನು ಎಷ್ಟು ಬಾಯಿಪಾಠ ಮಾಡಿದರೂ ಬರೆಯಲು ಕೂತಾಗ ಅದು ನೆರವಿಗೆ ಬರುವುದಿಲ್ಲ. ಅದರ ಬದಲು ಎರಡು ಪ್ರಶ್ನೆ ಕೇಳಿಕೊಂಡರೆ ದಾರಿ ಕಾಣುತ್ತದೆ ಅನ್ನುವುದು ನನ್ನ ನಂಬಿಕೆ. ಈ ಪದದ ಮುಂದೆ ಏನು ಬರುತ್ತದೆ? ಓದುವವರಿಗೆ ಇದರಲ್ಲಿ ಹೊಸ ವಿಷಯ ಯಾವುದು?

ಮುಂದೆ ಬರುವುದು ಹೆಸರೋ, ವಾಕ್ಯವೋ?

'ಬಿಕಾಸ್' ಆದ ಮೇಲೆ ಕ್ರಿಯಾಪದ ಇರುವ ಪೂರ್ತಿ ವಾಕ್ಯ ಬರಬೇಕು: 'ದ ಮ್ಯಾಚ್ ಸ್ಟಾಪ್ಡ್ ಬಿಕಾಸ್ ಇಟ್ ರೈನ್ಡ್.' 'ಬಿಕಾಸ್ ಆಫ್' ಆದ ಮೇಲೆ ಬರೀ ಹೆಸರು ಸಾಕು: 'ದ ಮ್ಯಾಚ್ ಸ್ಟಾಪ್ಡ್ ಬಿಕಾಸ್ ಆಫ್ ರೈನ್.' ಇವೆರಡನ್ನು ಕಲಸಿ 'ಬಿಕಾಸ್ ಆಫ್ ಇಟ್ ರೈನ್ಡ್' ಅಂತ ಬರೆದರೆ ತಪ್ಪು. 'ಡ್ಯೂ ಟು ದ ಟ್ರೇನ್ ವಾಸ್ ಲೇಟ್' ಅನ್ನುವುದೂ ಇದೇ ಜಾತಿಯ ತಪ್ಪು. ಮೇಲ್‌ಗಳಲ್ಲಿ, ರಜಾ ಅರ್ಜಿಗಳಲ್ಲಿ ಇದು ತುಂಬಾ ಕಾಣುತ್ತದೆ. 'ಬಿಕಾಸ್ ದ ಟ್ರೇನ್ ವಾಸ್ ಲೇಟ್' ಅಂದರೆ ಸರಿಯಾಯಿತು.

ನೆನಪಿಡಲು ಒಂದು ಗುರುತು ಇದೆ. ಕಾರಣ ಹೇಳುವ ಪದದ ಕೊನೆಗೆ 'ಆಫ್' ಅಥವಾ 'ಟು' ಇದ್ದರೆ ಮುಂದೆ ಹೆಸರು ಬರುತ್ತದೆ. 'ಬಿಕಾಸ್ ಆಫ್', 'ಆ್ಯಸ್ ಎ ರಿಸಲ್ಟ್ ಆಫ್', 'ಆನ್ ಅಕೌಂಟ್ ಆಫ್', 'ಡ್ಯೂ ಟು', 'ಓಯಿಂಗ್ ಟು', 'ಥ್ಯಾಂಕ್ಸ್ ಟು' ಎಲ್ಲವೂ ಈ ಗುಂಪಿಗೆ ಸೇರುತ್ತವೆ. 'ಬಿಕಾಸ್', 'ಸಿನ್ಸ್', 'ಆ್ಯಸ್' ಮುಂದೆ ವಾಕ್ಯ.

ಈ ನಿಯಮ ಗೊತ್ತಿರುವ ಕೆಲವರು 'ಡ್ಯೂ ಟು' ಬಿಡಲು ಮನಸ್ಸಿಲ್ಲದೆ 'ಡ್ಯೂ ಟು ದ ಫ್ಯಾಕ್ಟ್ ದಟ್' ಅಂತ ಬರೆಯುತ್ತಾರೆ. ವ್ಯಾಕರಣ ಸರಿ, ನಿಜ. ಆದರೆ 'ಬಿಕಾಸ್' ಅನ್ನುವ ಒಂದೇ ಪದ ಮಾಡುವ ಕೆಲಸಕ್ಕೆ ಐದು ಪದ ಯಾಕೆ? ಗಂಭೀರವಾಗಿ ಕೇಳಲಿ ಅಂತ ಹೀಗೆ ಬರೆಯುವವರು ಜಾಸ್ತಿ. ಓದುವವರಿಗೆ ಅದು ಭಾರವಾಗುತ್ತದೆ, ಅಷ್ಟೇ.

ಹೊಸ ವಿಷಯ ಕಾರಣವೋ, ಪರಿಣಾಮವೋ?

ವ್ಯಾಕರಣದ ಲೆಕ್ಕದಲ್ಲಿ 'ಬಿಕಾಸ್', 'ಸಿನ್ಸ್', 'ಆ್ಯಸ್' ಮೂರೂ ಒಂದೇ ಜಾಗದಲ್ಲಿ ಕೂರುತ್ತವೆ. ವ್ಯತ್ಯಾಸ ಇರುವುದು ಒತ್ತಿನಲ್ಲಿ. ಕಾರಣವೇ ಮುಖ್ಯ ಸುದ್ದಿಯಾದರೆ 'ಬಿಕಾಸ್'. ಕಾರಣ ಇಬ್ಬರಿಗೂ ಗೊತ್ತಿದ್ದು, ಅದರ ಮೇಲೆ ಬೇರೇನೋ ಹೇಳುವುದಿದ್ದರೆ 'ಸಿನ್ಸ್'.

ಇದನ್ನು ಕನ್ನಡದಲ್ಲಿ ನಾವು ದಿನವೂ ಮಾಡುತ್ತೇವೆ. 'ಹೇಗೂ ಬಂದಿದ್ದೀರಲ್ಲ, ಈ ಫಾರಂಗೆ ಸಹಿ ಹಾಕಿಬಿಡಿ' ಅನ್ನುತ್ತೇವೆ. ಅವರು ಬಂದಿರುವುದು ಅವರಿಗೂ ಗೊತ್ತು, ನಮಗೂ ಗೊತ್ತು. ಹೊಸ ವಿಷಯ ಸಹಿ. ಆ 'ಹೇಗೂ... ಅಲ್ಲ' ಅನ್ನುವ ಧಾಟಿಯೇ ಇಂಗ್ಲಿಷ್‌ನ 'ಸಿನ್ಸ್': 'ಸಿನ್ಸ್ ಯು ಆರ್ ಹಿಯರ್, ಪ್ಲೀಸ್ ಸೈನ್ ದಿಸ್ ಫಾರ್ಮ್.' ಇಲ್ಲಿ 'ಬಿಕಾಸ್ ಯು ಆರ್ ಹಿಯರ್' ಅಂದರೆ ಕಿವಿಗೆ ಒಗ್ಗುವುದಿಲ್ಲ. ಗೊತ್ತಿರುವ ಸಂಗತಿಯನ್ನೇ ಸುದ್ದಿಯ ಹಾಗೆ ಹೇಳಿದಂತಾಗುತ್ತದೆ.

'ಯಾಕೆ' ಅಂತ ಯಾರಾದರೂ ಕೇಳಿದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 'ವೈ ಆರ್ ಯು ಲೇಟ್?' ಅಂದರೆ ಉತ್ತರ 'ಬಿಕಾಸ್ ಐ ಮಿಸ್ಡ್ ದ ಬಸ್.' ಇಲ್ಲಿ 'ಸಿನ್ಸ್ ಐ ಮಿಸ್ಡ್ ದ ಬಸ್' ಅಂತಾಗಲಿ, 'ಆ್ಯಸ್ ಐ ಮಿಸ್ಡ್ ದ ಬಸ್' ಅಂತಾಗಲಿ ಹೇಳಲು ಬರುವುದಿಲ್ಲ. ಕೇಳಿದ್ದೇ ಕಾರಣವನ್ನು. ಅದು ಗೊತ್ತಿಲ್ಲದಿದ್ದಕ್ಕೇ ಅಲ್ವಾ ಕೇಳಿದ್ದು? 'ಓನ್ಲಿ', 'ಮೇನ್ಲಿ', 'ಪಾರ್ಟ್ಲಿ' ಥರದ ಪದಗಳೂ ಕಾರಣದ ಮೇಲೆ ಬೆರಳಿಡುತ್ತವೆ, ಹಾಗಾಗಿ ಅವು ಒಪ್ಪುವುದು 'ಬಿಕಾಸ್' ಜೊತೆ ಮಾತ್ರ. 'ಐ ಕೇಮ್ ಓನ್ಲಿ ಬಿಕಾಸ್ ಯು ಕಾಲ್ಡ್' ಸರಿ. ಅಲ್ಲಿ 'ಸಿನ್ಸ್' ಹಾಕಿದರೆ ಕಾರಣದ ಅರ್ಥ ಹೋಗಿ 'ನೀವು ಕರೆದಾಗಿನಿಂದ' ಅನ್ನುವ ಕಾಲದ ಅರ್ಥ ಬರುತ್ತದೆ.

ಈ ಕಾಲದ ಅರ್ಥ 'ಸಿನ್ಸ್' ಮತ್ತು 'ಆ್ಯಸ್' ಎರಡನ್ನೂ ಕಾಡುತ್ತದೆ. 'ಸಿನ್ಸ್ ಹಿ ಲೆಫ್ಟ್ ದ ಟೀಮ್, ವಿ ಹ್ಯಾವ್ ಲಾಸ್ಟ್ ಎವ್ರಿ ಮ್ಯಾಚ್.' ಅವನು ಹೋದ ಮೇಲೆ ಸೋತೆವೋ, ಅವನು ಹೋದದ್ದಕ್ಕೇ ಸೋತೆವೋ? ವಾಕ್ಯ ಎರಡನ್ನೂ ಹೇಳುತ್ತದೆ. 'ಆ್ಯಸ್ ಶಿ ವಾಸ್ ಲೀವಿಂಗ್, ಐ ಲಾಕ್ಡ್ ದ ಡೋರ್' ಅಂದರೂ ಅಷ್ಟೇ, ಹೊರಡುತ್ತಿರುವಾಗಲೋ, ಹೊರಡುತ್ತಿದ್ದಾಳೆ ಅಂತಲೋ ತಿಳಿಯುವುದಿಲ್ಲ. ಕತೆಯಲ್ಲಿ ಇಂಥ ಮಬ್ಬು ನಡೆದೀತು. ವರದಿಯಲ್ಲಿ, ಒಪ್ಪಂದದಲ್ಲಿ, ಔಷಧಿಯ ಸೂಚನೆಯಲ್ಲಿ ನಡೆಯುವುದಿಲ್ಲ. ಸ್ವಲ್ಪ ಅನುಮಾನ ಬಂದರೂ 'ಬಿಕಾಸ್' ಹಾಕಿ. ಮೂರರಲ್ಲಿ ಯಾವತ್ತೂ ಕಾಲದ ಅರ್ಥಕ್ಕೆ ಹೋಗದೆ ಕಾರಣವನ್ನೇ ಹೇಳುವ ಪದ ಅದು. ಮೂರರಲ್ಲಿ ಅತಿ ಬಲಹೀನ ಅಂದರೆ 'ಆ್ಯಸ್'. ಅದನ್ನು ಕಾರಣಕ್ಕೆ ಬಳಸದೆಯೇ ಇಡೀ ಜೀವನ ಚೆನ್ನಾಗಿ ಇಂಗ್ಲಿಷ್ ಬರೆಯಬಹುದು.

'ಫಾರ್' ಕೂಡ ಕಾರಣ ಹೇಳುತ್ತದೆ, ಆದರೆ ಅದು ಹಳೆಯ ಸಾಹಿತ್ಯದ ಧಾಟಿ. ವಾಕ್ಯದ ಶುರುವಿನಲ್ಲಿ ಕಾರಣ ಹೇಳುವಾಗ ಅದು ಬರುವುದಿಲ್ಲ, ಮಧ್ಯದಲ್ಲೇ ಬರಬೇಕು. ಓದುವಾಗ ಗುರುತಿಸಿದರೆ ಸಾಕು.

ಇನ್ನೊಂದು ಸೂಕ್ಷ್ಮ ಇದೆ. 'ದೇ ಮಸ್ಟ್ ಬಿ ಅಟ್ ಹೋಮ್, ಬಿಕಾಸ್ ದ ಲೈಟ್ ಈಸ್ ಆನ್.' ದೀಪ ಉರಿಯುತ್ತಿರುವುದು ಅವರು ಮನೆಯಲ್ಲಿರುವುದಕ್ಕೆ ಕಾರಣವಲ್ಲ. ನಾನು ಹಾಗೆ ಅಂದುಕೊಂಡಿದ್ದಕ್ಕೆ ಅದು ಕಾರಣ. ಇಂಥ ಕಡೆ 'ಬಿಕಾಸ್' ಹಿಂದೆ ಕಾಮಾ ಹಾಕುವುದು ರೂಢಿ. ಸಾಮಾನ್ಯ ಕಾರಣಕ್ಕೆ ಆ ಕಾಮಾ ಬೇಕಿಲ್ಲ.

'ನಾಟ್' ಇದ್ದಲ್ಲಿ ಹುಷಾರು

ಈ ಕಾಮಾ ವಿಷಯವನ್ನು ಸುಮ್ನೆ ದಾಟಿಹೋಗಲು ಆಗುವುದಿಲ್ಲ. ಒಂದು ವಾಕ್ಯ ನೋಡಿ: 'ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಹಿ ವಾಸ್ ಆಂಗ್ರಿ.' ಅವನು ರಾಜೀನಾಮೆ ಕೊಟ್ಟನಾ, ಇಲ್ಲವಾ?

ಎರಡು ಥರ ಓದಬಹುದು. 'ಅವನಿಗೆ ಕೋಪ ಬಂದಿತ್ತು, ಅದಕ್ಕೇ ರಾಜೀನಾಮೆ ಕೊಡಲಿಲ್ಲ' ಅನ್ನುವುದು ಒಂದು. 'ಅವನು ರಾಜೀನಾಮೆ ಕೊಟ್ಟ, ಆದರೆ ಕೋಪ ಬಂತು ಅಂತ ಅಲ್ಲ' ಅನ್ನುವುದು ಇನ್ನೊಂದು. ಕನ್ನಡದಲ್ಲಿ 'ಕೊಡಲಿಲ್ಲ' ಮತ್ತು 'ಕೊಟ್ಟಿದ್ದಲ್ಲ' ಎರಡೂ ಬೇರೆ ಬೇರೆ ರೂಪ. ಯಾವುದನ್ನು ಅಲ್ಲಗಳೆಯುತ್ತಿದ್ದೇವೆ ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಆ ಸೌಲಭ್ಯ ಇಲ್ಲ. 'ನಾಟ್' ಅನ್ನುವುದು ಬರೀ ರಾಜೀನಾಮೆಯನ್ನು ತಳ್ಳಿಹಾಕುತ್ತದೋ, 'ಬಿಕಾಸ್' ದಾಟಿಹೋಗಿ ಕಾರಣವನ್ನೂ ತಳ್ಳಿಹಾಕುತ್ತದೋ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ.

'ರಿಸೈನ್' ಆದ ಮೇಲೆ ಕಾಮಾ ಹಾಕಿದರೆ ಮೊದಲ ಅರ್ಥ ಗಟ್ಟಿಯಾಗುತ್ತದೆ. ಆದರೆ ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಚಿಕ್ಕ ಗುರುತಿನ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ವಾಕ್ಯವನ್ನೇ ತಿರುಗಿಸಿ. 'ಬಿಕಾಸ್ ಹಿ ವಾಸ್ ಆಂಗ್ರಿ, ಹಿ ಡಿಡ್ ನಾಟ್ ರಿಸೈನ್' ಅಂದರೆ ಕೊಟ್ಟಿಲ್ಲ ಅನ್ನುವುದು ಸ್ಪಷ್ಟ. 'ಹಿ ರಿಸೈನ್ಡ್, ಬಟ್ ನಾಟ್ ಬಿಕಾಸ್ ಹಿ ವಾಸ್ ಆಂಗ್ರಿ' ಅಂದರೆ ಕೊಟ್ಟ ಅನ್ನುವುದು ಸ್ಪಷ್ಟ.

'ಡ್ಯೂ ಟು' ಜಗಳ

'ಡ್ಯೂ ಟು' ಬಗ್ಗೆ ಇಂಗ್ಲಿಷ್ ಮಾತಾಡುವವರೇ ಬಹಳ ಕಾಲ ಕಿತ್ತಾಡಿದ್ದಾರೆ. ಹಳೆಯ ನಿಯಮ ಹೀಗಿತ್ತು. 'ಡ್ಯೂ' ಒಂದು ವಿಶೇಷಣ, ಹಾಗಾಗಿ ಅದು ಒಂದು ಹೆಸರಿಗೆ ಸೇರಬೇಕು. 'ದ ಡಿಲೇ ವಾಸ್ ಡ್ಯೂ ಟು ಫಾಗ್' ಸರಿ, ಯಾಕಂದ್ರೆ ಅಲ್ಲಿ 'ಡಿಲೇ' ಅನ್ನುವ ಹೆಸರಿದೆ. 'ದ ಫ್ಲೈಟ್ ವಾಸ್ ಡಿಲೇಡ್ ಡ್ಯೂ ಟು ಫಾಗ್' ತಪ್ಪು, ಅಲ್ಲಿ 'ಬಿಕಾಸ್ ಆಫ್' ಅಥವಾ 'ಓಯಿಂಗ್ ಟು' ಬೇಕು. ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ಹೆನ್ರಿ ಫೌಲರ್ 1926ರಲ್ಲಿ ಈ ಎರಡನೇ ಥರದ ಬಳಕೆಯನ್ನು ಕಟುವಾಗಿ ಟೀಕಿಸಿದ್ದರು. 1957ರಲ್ಲಿ ರಾಣಿ ಎರಡನೇ ಎಲಿಜಬೆತ್ ಕೆನಡಾದ ಸಂಸತ್ತಿನಲ್ಲಿ ಓದಿದ ಭಾಷಣದಲ್ಲೇ ಆ ಬಳಕೆ ಬಂತು. ಇವತ್ತು ದೊಡ್ಡ ಡಿಕ್ಷನರಿಗಳು ಎರಡನ್ನೂ ಒಪ್ಪುತ್ತವೆ.

ಹಾಗಾದರೆ ನಾವೇನು ಮಾಡಬೇಕು? 'ಡ್ಯೂ ಟು' ಜಾಗದಲ್ಲಿ 'ಕಾಸ್ಡ್ ಬೈ' ಇಟ್ಟು ನೋಡಿ. 'ದ ಡಿಲೇ ವಾಸ್ ಕಾಸ್ಡ್ ಬೈ ಫಾಗ್' ಕೂರುತ್ತದೆ. 'ದ ಫ್ಲೈಟ್ ವಾಸ್ ಡಿಲೇಡ್ ಕಾಸ್ಡ್ ಬೈ ಫಾಗ್' ಕೂರುವುದಿಲ್ಲ. ಪರೀಕ್ಷೆ, ಸಂಶೋಧನಾ ಲೇಖನ, ಕಚೇರಿಯ ಪತ್ರ ಬರೆಯುವಾಗ ಈ ಹಳೆಯ ನಿಯಮ ಪಾಲಿಸಿದರೆ ಯಾರೂ ಬೆರಳು ತೋರಿಸುವುದಿಲ್ಲ. ಉಳಿದ ಕಡೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

'ಥ್ಯಾಂಕ್ಸ್ ಟು' ಒಳ್ಳೆಯ ಫಲಕ್ಕೆ. 'ಥ್ಯಾಂಕ್ಸ್ ಟು ಯುವರ್ ಹೆಲ್ಪ್, ವಿ ಫಿನಿಶ್ಡ್ ಅರ್ಲಿ.' ಕೆಟ್ಟದ್ದಕ್ಕೆ ಬಳಸಿದರೆ ಚುಚ್ಚಿದ ಹಾಗಾಗುತ್ತದೆ. ಚುಚ್ಚುವ ಉದ್ದೇಶ ಇಲ್ಲದಿದ್ದರೆ ಅಲ್ಲಿ 'ಬಿಕಾಸ್ ಆಫ್' ಹಾಕಿ.

ಪರಿಣಾಮ ಹೇಳುವಾಗ

ಈಗ ಆಚೆ ದಡಕ್ಕೆ ಬರೋಣ. 'ಸೋ' ಮತ್ತು 'ದೇರ್‌ಫೋರ್' ಎರಡೂ 'ಆದ್ದರಿಂದ' ಅನ್ನುತ್ತವೆ. ಆದರೆ 'ಸೋ' ಎರಡು ವಾಕ್ಯಗಳನ್ನು ಹೊಲಿಯಬಲ್ಲದು, 'ದೇರ್‌ಫೋರ್' ಹೊಲಿಯಲಾರದು. 'ಇಟ್ ರೈನ್ಡ್, ಸೋ ವಿ ಸ್ಟೇಡ್ ಇನ್‌ಸೈಡ್' ಸರಿ. 'ದ ರಿಪೋರ್ಟ್ ವಾಸ್ ಇನ್‌ಕಂಪ್ಲೀಟ್, ದೇರ್‌ಫೋರ್ ಇಟ್ ವಾಸ್ ರಿಟರ್ನ್ಡ್' ತಪ್ಪು. ಕನ್ನಡದಲ್ಲಿ 'ವರದಿ ಅಪೂರ್ಣವಾಗಿತ್ತು, ಆದ್ದರಿಂದ ವಾಪಸ್ ಕಳಿಸಿದರು' ಅಂತ ಕಾಮಾ ಹಾಕಿ ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ. ಆ ಅಭ್ಯಾಸವೇ ಇಂಗ್ಲಿಷ್‌ಗೂ ಬರುತ್ತದೆ. ಇಂಗ್ಲಿಷ್‌ನಲ್ಲಿ 'ದೇರ್‌ಫೋರ್' ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಇಲ್ಲವೇ 'ಆ್ಯಂಡ್ ದೇರ್‌ಫೋರ್' ಆಗಬೇಕು.

ಯಾವ ಪದ ಹೊಲಿಯುತ್ತದೆ, ಯಾವುದು ಹೊಲಿಯುವುದಿಲ್ಲ ಅಂತ ತಿಳಿಯಲು ಪಟ್ಟಿ ಬೇಕಿಲ್ಲ. ಆ ಪದವನ್ನು ವಾಕ್ಯದೊಳಗೆ ಸರಿಸಿ ನೋಡಿ. 'ಇಟ್ ವಾಸ್ ದೇರ್‌ಫೋರ್ ರಿಟರ್ನ್ಡ್' ಚೆನ್ನಾಗೇ ಇದೆ. 'ಇಟ್ ವಾಸ್ ಸೋ ರಿಟರ್ನ್ಡ್' ಆಗುವುದಿಲ್ಲ. ಸರಿಯುವ ಪದ ಹೊಲಿಯುವುದಿಲ್ಲ. 'ಕಾನ್ಸಿಕ್ವೆಂಟ್ಲಿ', 'ಆ್ಯಸ್ ಎ ರಿಸಲ್ಟ್' ಎಲ್ಲ ಈ ಸರಿಯುವ ಗುಂಪಿನವು.

ಇನ್ನು ಅರ್ಥದ ವ್ಯತ್ಯಾಸ. ಇದು ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ. ಪರಿಣಾಮದಲ್ಲಿ ಎರಡು ಬಗೆ. ಒಂದು, ಲೋಕದಲ್ಲಿ ನಡೆಯುವುದು: ಪೈಪ್ ಒಡೆಯಿತು, ನೀರು ನುಗ್ಗಿತು. ಇನ್ನೊಂದು, ತಲೆಯಲ್ಲಿ ನಡೆಯುವುದು: ಇದು ನಿಜ, ಅದೂ ನಿಜ, ಹಾಗಾದರೆ ಇದು ನಿಜವಾಗಲೇಬೇಕು. ನಡೆದ ಘಟನೆಗೆ 'ಆ್ಯಸ್ ಎ ರಿಸಲ್ಟ್' ಮತ್ತು 'ಕಾನ್ಸಿಕ್ವೆಂಟ್ಲಿ' ಚೆನ್ನಾಗಿ ಒಪ್ಪುತ್ತವೆ. ತರ್ಕದಿಂದ ಹೊರಟ ತೀರ್ಮಾನಕ್ಕೆ 'ದೇರ್‌ಫೋರ್'.

ಗಣಿತದಲ್ಲಿ ಸಾಧನೆ ಬರೆಯುವಾಗ ಹಾಕುವ ಮೂರು ಚುಕ್ಕೆ ನೆನಪಿದೆಯಲ್ಲ? ∴ ಅನ್ನುವ ಆ ಗುರುತನ್ನು ಓದುವುದು 'ದೇರ್‌ಫೋರ್' ಅಂತ. ಸ್ವಿಸ್ ಗಣಿತಜ್ಞ ಯೋಹಾನ್ ರಾನ್ 1659ರ ತಮ್ಮ ಬೀಜಗಣಿತದ ಪುಸ್ತಕದಲ್ಲಿ ಅದನ್ನು ಬಳಸಿದ್ದರು. ಎಕ್ಸ್‌ಗೆ ಮೂರು ಕೂಡಿಸಿದರೆ ಏಳು ಬರುತ್ತದೆ, 'ದೇರ್‌ಫೋರ್' ಎಕ್ಸ್ ಅಂದರೆ ನಾಲ್ಕು. ಅಲ್ಲಿ 'ಆ್ಯಸ್ ಎ ರಿಸಲ್ಟ್' ಹಾಕಿ ಓದಿ. ಎಕ್ಸ್ ಅದಕ್ಕೂ ಮೊದಲು ಬೇರೇನೋ ಆಗಿದ್ದು, ಈಗ ನಾಲ್ಕಾಯಿತೇನೋ ಅನ್ನಿಸುತ್ತದೆ! ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ಬರೆದ 'ನಾನು ಯೋಚಿಸುತ್ತೇನೆ, ಆದ್ದರಿಂದ ನಾನಿದ್ದೇನೆ' ಅನ್ನುವ ಮಾತೂ ಇಂಗ್ಲಿಷ್‌ನಲ್ಲಿ 'ಐ ಥಿಂಕ್, ದೇರ್‌ಫೋರ್ ಐ ಆ್ಯಮ್' ಅಂತಲೇ ಪ್ರಸಿದ್ಧ. ಯೋಚಿಸಿದ್ದರಿಂದ ಮನುಷ್ಯ ಹುಟ್ಟಿಬಿಟ್ಟ ಅಂತ ಅದರ ಅರ್ಥ ಅಲ್ಲ. ಯೋಚನೆ ಇದೆ ಅಂದಮೇಲೆ ಯೋಚಿಸುವವನು ಇರಲೇಬೇಕು ಅನ್ನುವ ತೀರ್ಮಾನ ಅದು. (ಆ ವಾಕ್ಯದಲ್ಲಿ 'ದೇರ್‌ಫೋರ್' ಹಿಂದೆ ಬರೀ ಕಾಮಾ ಇದೆ. ಪ್ರಸಿದ್ಧ ಮಾತಿಗೆ ಸಿಗುವ ರಿಯಾಯಿತಿ ನಮ್ಮ ವರದಿಗಳಿಗೆ ಸಿಗುವುದಿಲ್ಲ.)

'ಸೋ' ಎರಡೂ ಕಡೆ ನಡೆಯುತ್ತದೆ. ಮಾತಿನಲ್ಲೂ ಸರಿ, ಬರವಣಿಗೆಯಲ್ಲೂ ಸರಿ. ತುಂಬಾ ಗಂಭೀರವಾದ ಬರಹದಲ್ಲಿ ಪ್ರತಿ ವಾಕ್ಯವನ್ನೂ ಅದರಿಂದಲೇ ಶುರು ಮಾಡಬೇಡಿ, ಅಷ್ಟು ಸಾಕು.

'ದಸ್' ಅಂದರೆ 'ಈ ರೀತಿಯಾಗಿ'. ಅದರ ಮುಂದೆ 'ಇಂಗ್' ಇರುವ ಪದ ಸಲೀಸಾಗಿ ಬರುತ್ತದೆ: 'ದ ನ್ಯೂ ವಾಲ್ವ್ ಕ್ಲೋಸಸ್ ಫಾಸ್ಟರ್, ದಸ್ ಸೇವಿಂಗ್ ವಾಟರ್.' 'ಹೆನ್ಸ್' ಮುಂದೆ ಕ್ರಿಯಾಪದವೇ ಇಲ್ಲದೆ ಬರೀ ಹೆಸರು ಬರಬಹುದು: 'ಶಿ ಗ್ರೂ ಅಪ್ ನಿಯರ್ ದ ಸೀ, ಹೆನ್ಸ್ ಹರ್ ಲವ್ ಆಫ್ ಬೋಟ್ಸ್.' ಈ ಎರಡು ಜಾಗ ಬಿಟ್ಟರೆ ದಿನನಿತ್ಯದ ಬರಹದಲ್ಲಿ ಅವುಗಳ ಅಗತ್ಯ ಕಡಿಮೆ.

'ಸೋ' ಜೊತೆ 'ದಟ್' ಸೇರಿದಾಗ

'ಶಿ ಸ್ಪೋಕ್ ಸ್ಲೋಲಿ, ಸೋ ಎವ್ರಿವನ್ ಫಾಲೋಡ್' ಅಂದರೆ ನಿಧಾನವಾಗಿ ಮಾತಾಡಿದಳು, ಎಲ್ಲರಿಗೂ ಅರ್ಥವಾಯಿತು. 'ಶಿ ಸ್ಪೋಕ್ ಸ್ಲೋಲಿ ಸೋ ದಟ್ ಎವ್ರಿವನ್ ಕುಡ್ ಫಾಲೋ' ಅಂದರೆ ಎಲ್ಲರಿಗೂ ಅರ್ಥವಾಗಲಿ ಅಂತ ನಿಧಾನವಾಗಿ ಮಾತಾಡಿದಳು. ಅರ್ಥವಾಯಿತೋ ಬಿಟ್ಟಿತೋ, ಈ ವಾಕ್ಯ ಹೇಳುವುದಿಲ್ಲ. ಇಲ್ಲಿ 'ಸೋ ದಟ್' ಉದ್ದೇಶ ಹೇಳುತ್ತಿದೆ. ಮುಂದೆ 'ಕ್ಯಾನ್', 'ಕುಡ್', 'ವಿಲ್', 'ವುಡ್' ಥರದ ಪದ ಇದ್ದರೆ ಸಾಮಾನ್ಯವಾಗಿ ಉದ್ದೇಶ ಅಂತ ತಿಳಿಯಬಹುದು.

'ಎಷ್ಟು ಭಾರ ಅಂದರೆ ಎತ್ತಲೇ ಆಗಲಿಲ್ಲ' ಅನ್ನುವುದಕ್ಕೆ 'ಸೋ ಹೆವಿ ದಟ್', ಇಲ್ಲವೇ 'ಸಚ್ ಎ ಹೆವಿ ಬಾಕ್ಸ್ ದಟ್'. ಬರೀ ಗುಣ ಇದ್ದರೆ 'ಸೋ', ಗುಣದ ಜೊತೆ ವಸ್ತುವಿನ ಹೆಸರೂ ಇದ್ದರೆ 'ಸಚ್'. 'ವೆರಿ ಹೆವಿ ದಟ್', 'ಟೂ ಹೆವಿ ದಟ್' ಎರಡೂ ಇಂಗ್ಲಿಷ್‌ನಲ್ಲಿ ಇಲ್ಲ. 'ಟೂ ಹೆವಿ ಟು ಲಿಫ್ಟ್' ಇದೆ.

ಕನ್ನಡದಿಂದ ಜೊತೆಗೆ ಬರುವ ಅಭ್ಯಾಸಗಳು

ಮಾತಾಡುವಾಗ ನಾವು 'ಯಾಕಂದ್ರೆ ಹುಷಾರಿರಲಿಲ್ಲ, ಅದಕ್ಕೇ ಬರಲಿಲ್ಲ' ಅನ್ನುತ್ತೇವೆ. ಕಾರಣಕ್ಕೂ ಒಂದು ಪದ, ಪರಿಣಾಮಕ್ಕೂ ಒಂದು ಪದ. ಇಂಗ್ಲಿಷ್‌ನಲ್ಲಿ 'ಬಿಕಾಸ್ ಐ ವಾಸ್ ಇಲ್, ಸೋ ಐ ಡಿಡ್ ನಾಟ್ ಕಮ್' ಅಂದರೆ ತಪ್ಪು. ಎರಡರಲ್ಲಿ ಯಾವುದಾದರೂ ಒಂದನ್ನು ತೆಗೆಯಿರಿ, ವಾಕ್ಯ ಸರಿಯಾಗುತ್ತದೆ.

ಹಾಗೆಯೇ 'ಏಕೆಂದರೆ' ಅಂತ ಹೊಸ ವಾಕ್ಯ ಶುರು ಮಾಡುವುದು ಕನ್ನಡದಲ್ಲಿ ಸಹಜ. 'ನಾನು ಬರಲಿಲ್ಲ. ಏಕೆಂದರೆ ಹುಷಾರಿರಲಿಲ್ಲ.' ಇಂಗ್ಲಿಷ್‌ನಲ್ಲಿ 'ಬಿಕಾಸ್ ಐ ವಾಸ್ ಇಲ್' ಅನ್ನುವುದು ಒಂಟಿಯಾಗಿ ನಿಂತರೆ ಅದು ಅರ್ಧ ವಾಕ್ಯ. ಮಾತಿನಲ್ಲಿ ಪರವಾಗಿಲ್ಲ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಇದನ್ನು ತಡೆಯಲು ಹೋಗಿ 'ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು' ಅಂತ ಕಲಿಸುವವರಿದ್ದಾರೆ. ಅದು ನಿಯಮವಲ್ಲ. 'ಬಿಕಾಸ್ ಐ ವಾಸ್ ಇಲ್, ಐ ಸ್ಟೇಡ್ ಹೋಮ್' ಪೂರ್ತಿ ಸರಿಯಾದ ವಾಕ್ಯ, ಅದರ ಇನ್ನರ್ಧ ಹಿಂದೆಯೇ ಬಂದಿದೆ.

'ದ ರೀಸನ್ ಈಸ್ ಬಿಕಾಸ್' ಕೂಡ ಬೇಡ. 'ರೀಸನ್' ಅಂದಾಗಲೇ ಕಾರಣ ಅಂತ ಹೇಳಿಯಾಯಿತು. 'ದ ರೀಸನ್ ಈಸ್ ದಟ್' ಸಾಕು.

ಕೊನೆಗೆ ಇದೆಲ್ಲವನ್ನೂ ಒಂದು ತುಣುಕಿನ ಮೇಲೆ ಪ್ರಯೋಗಿಸೋಣ. ಯಾರೋ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ:

'ಡ್ಯೂ ಟು ದ ಸರ್ವರ್ ವಾಸ್ ಡೌನ್, ಸೋ ದ ಆರ್ಡರ್ಸ್ ವೇರ್ ಡಿಲೇಡ್. ದೇರ್‌ಫೋರ್ ಕಸ್ಟಮರ್ಸ್ ಕಾಲ್ಡ್ ಅಸ್. ಹೆನ್ಸ್ ವಿ ಹೈರ್ಡ್ ಟೂ ಮೋರ್ ಪೀಪಲ್. ಬಿಕಾಸ್ ದ ಕಾಲ್ಸ್ ವೇರ್ ಟೂ ಮೆನಿ.'

ತಿದ್ದಿದರೆ ಹೀಗಾಗುತ್ತದೆ:

'ದ ಸರ್ವರ್ ವಾಸ್ ಡೌನ್, ಸೋ ದ ಆರ್ಡರ್ಸ್ ವೇರ್ ಡಿಲೇಡ್. ಕಸ್ಟಮರ್ಸ್ ಬಿಗ್ಯಾನ್ ಟು ಕಾಲ್. ಸಿನ್ಸ್ ವಿ ಕುಡ್ ನಾಟ್ ಆನ್ಸರ್ ಎವ್ರಿ ಕಾಲ್, ವಿ ಹೈರ್ಡ್ ಟೂ ಮೋರ್ ಪೀಪಲ್.'

'ಡ್ಯೂ ಟು' ಮುಂದೆ ವಾಕ್ಯ ಇತ್ತು, ಹೋಯಿತು. 'ಸೋ' ಒಂದೇ ಸಾಕಾಯಿತು. ಆರ್ಡರ್ ತಡವಾದರೆ ಗ್ರಾಹಕರು ಕರೆ ಮಾಡುತ್ತಾರೆ ಅನ್ನುವುದನ್ನು ಓದುಗರೇ ಜೋಡಿಸಿಕೊಳ್ಳುತ್ತಾರೆ, ಅಲ್ಲಿ 'ದೇರ್‌ಫೋರ್' ಬೇಕಿಲ್ಲ. ಕರೆಗಳ ವಿಷಯ ಆಗಲೇ ಬಂದಾಗಿದೆ, ಹಾಗಾಗಿ ಮೂರನೇ ವಾಕ್ಯಕ್ಕೆ 'ಸಿನ್ಸ್'. ಅದೇ, ಎರಡು ಜನರನ್ನು ಯಾಕೆ ಸೇರಿಸಿಕೊಂಡಿರಿ ಅಂತ ಮೇಲಿನವರು ಕೇಳಿದ್ದಕ್ಕೆ ಉತ್ತರವಾಗಿ ಬರೆಯುತ್ತಿದ್ದರೆ ಆ ವಾಕ್ಯ ತಿರುಗಿ ಕೂರುತ್ತದೆ: 'ವಿ ಹೈರ್ಡ್ ಟೂ ಮೋರ್ ಪೀಪಲ್ ಬಿಕಾಸ್ ವಿ ಕುಡ್ ನಾಟ್ ಆನ್ಸರ್ ಎವ್ರಿ ಕಾಲ್.'